ಸಿದೋನಿ ಮತ್ತು ಹುಣ್ಣಿನ ತೊಗಟೆ

ಸಿದೋನಿ ತ್ಸಾಗೆ ನನಗಿಂತ ಎರಡು ತಿಂಗಳು ಮೊದಲು ವಿಶ್ವವಿದ್ಯಾಲಯದ ಪ್ರಯೋಗಾಲಯ ಸೇರಿದಳು. ಪ್ರಬಂಧ ಬರೆದು ಡಾಕ್ಟರ್ ಆದದ್ದು ಮಾತ್ರ ನನಗಿಂತ ನಾಲ್ಕು ವರ್ಷ ತಡವಾಗಿ. ಅವಳು ದಡ್ಡಿಯೂ ಅಲ್ಲ, ಸೋಮಾರಿಯೂ ಅಲ್ಲ. ಸಂಶೋಧನೆಗೆ ನನ್ನ ಪಾಲಿಗೆ ಬಂದದ್ದು ಸಾಧು ಗಿಡ. ಎಲೆ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಬಸಿದರೆ ಒಳಗಿದ್ದದ್ದನ್ನೆಲ್ಲ ತಾನಾಗಿ ಬಾಯಿ ಬಿಡುತ್ತಿತ್ತು. ಅವಳ ಪಾಲಿಗೆ ಬಂದದ್ದು ಹುಣ್ಣಿನ ತೊಗಟೆ.

ಬಾಫೆಲೆ ಹಳ್ಳಿಯ ಕೆಳಗೆ, ಬಯಲಿನ ಕಡೆಗೆ ಇಳಿಯುವ ಕಣಿವೆಯಲ್ಲಿ ಆ ಮರ ಬೆಳೆಯುತ್ತದೆ. ಆಳೆತ್ತರಕ್ಕಿಂತ ತುಸು ಹೆಚ್ಚು, ಸೊಟ್ಟಸೊಟ್ಟ. ತೊಗಟೆ ಕೆತ್ತಿದರೆ ಒಳಗೆ ಅರಿಸಿನದ ಬಣ್ಣ. ಕಾಲಿನ ಹುಣ್ಣು ಮಾಯದೆ ಕೀವು ಸೋರುತ್ತಿದ್ದರೆ ಅದನ್ನು ಕುದಿಸಿ ಆ ನೀರಿನಲ್ಲಿ ತೊಳೆಯುತ್ತಾರೆ. ಬಾಫೆಲೆಯಲ್ಲಿ ಈ ಮದ್ದು ಕೊಡುವವಳು ಮಾ ಜುಲಿಯೆನ್, ಸಿದೋನಿಯ ದೊಡ್ಡಮ್ಮ. ತಾಯಿ ಸತ್ತ ಮೇಲೆ ಸಿದೋನಿಯನ್ನು ಸಾಕಿದವಳೂ ಅವಳೇ. ಸಿದೋನಿ ಚಿಕ್ಕವಳಿದ್ದಾಗ ಗುದ್ದಲಿ ತಗುಲಿ ಮೊಣಕಾಲ ಕೆಳಗೆ ಆದ ಗಾಯ ಒಂದು ಇಡೀ ಮಳೆಗಾಲ ಹಸಿಯಾಗಿಯೇ ಉಳಿದು, ಕೊನೆಗೆ ಈ ನೀರಿಗೇ ಒಣಗಿತ್ತಂತೆ. ಸಂಶೋಧನೆಗೆ ಗಿಡ ಆರಿಸಿಕೊಳ್ಳುವ ದಿನ ಅವಳು ಲಂಗ ಸ್ವಲ್ಪ ಮೇಲೆತ್ತಿ ಆ ಕಲೆಯನ್ನು ನಮ್ಮ ಪ್ರೊಫೆಸರ್ ಲೊನ್ಲಾ ಅವರಿಗೆ ತೋರಿಸಿದಳು.

"ನನ್ನ ಕಾಲೇ ಸಾಕ್ಷಿ, ಪ್ರೊಫೆಸರ್."

"ಕಾಲು ಸಾಕ್ಷಿ ಆದ್ರೆ ಕೋರ್ಟಿಗೆ ಹೋಗು ತಾಯಿ. ಇಲ್ಲಿ ತಟ್ಟೆ ಸಾಕ್ಷಿ ಹೇಳ್ಬೇಕು," ಎಂದರು ಅವರು.

ತಟ್ಟೆ ಸಾಕ್ಷಿ ಹೇಳಿತು. ಹುಣ್ಣಿನ ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಗೆ ತೊಗಟೆಯ ಕಂದು ರಸವನ್ನು ಹನಿಸಿದಾಗ, ಮರುದಿನ ಹನಿಯ ಸುತ್ತ ಉಂಗುರದಷ್ಟು ಜಾಗ ತೊಳೆದಿಟ್ಟ ಹಾಗೆ ಖಾಲಿಯಾಗಿತ್ತು. ಇಷ್ಟು ಚೆಂದದ ಉಂಗುರ ಆ ವರ್ಷ ನಮ್ಮಲ್ಲಿ ಬೇರೆ ಯಾರ ತಟ್ಟೆಯಲ್ಲೂ ಮೂಡಲಿಲ್ಲ. ಸಿದೋನಿ ಅದರ ಫೋಟೋ ತೆಗೆದು ಫೋನಿನ ಮುಖಕ್ಕೆ ಹಾಕಿಕೊಂಡಳು.

ಆದರೆ ಒಂದು ರಸದಲ್ಲಿ ನೂರಾರು ವಸ್ತುಗಳು ಕಲೆತಿರುತ್ತವೆ. ಒಂದೊಂದನ್ನೇ ಬಿಡಿಸಿ, ಶುದ್ಧ ಮಾಡಿ, ಅದರ ಒಳಕಟ್ಟು ಇಂಥದ್ದು, ಹೆಸರು ಇಂಥದ್ದು, ಕೆಲಸ ಮಾಡುವುದು ಇದೇ ಎಂದು ಹೇಳಬೇಕು. ನಮ್ಮ ಕಸುಬು ಅಷ್ಟೇ. ಹೇಳಲಿಕ್ಕೆ ಅಷ್ಟೇ.

ಅವಳು ಬೆಳಗ್ಗೆ ಲಿಸೆ ಎನ್ನುವ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ, ಮಧ್ಯಾಹ್ನ ಅವರೆಬೇಳೆ ಬೋಂಡ ತಿಂದು, ಸೀಮೆಸುಣ್ಣದ ಕೈಯಲ್ಲೇ ಪ್ರಯೋಗಾಲಯಕ್ಕೆ ಬರುವಳು. ಮೊದಲ ವರ್ಷ ಅವಳಿಗೆ ಸಿಕ್ಕಿದ್ದು ಹೊಳೆಯುವ ಬಿಳಿ ಪುಡಿ. ನಾವೆಲ್ಲ ಸುತ್ತ ನಿಂತು ನೋಡಿದೆವು. ಅದು ಸಿಟೊಸ್ಟೆರಾಲ್ ಆಗಿತ್ತು. ಯಾವ ಗಿಡ ಹಿಂಡಿದರೂ ಮೊದಲು ಕೈಗೆ ಬರುವುದು ಅದೇ. ಕಡಲೆಕಾಯಿಯಲ್ಲೂ ಇದೆ, ಮುಸುಕಿನ ಜೋಳದಲ್ಲೂ ಇದೆ.

ಪ್ರೊಫೆಸರ್ ಸೀಸೆಯನ್ನು ಬೆಳಕಿಗೆ ಹಿಡಿದು ಕೇಳಿದರು: "ಏನಮ್ಮಾ ಸಿದೋನಿ, ದೊರೆಯನ್ನ ನೋಡೋಕೆ ಅರಮನೆಗೆ ಹೋಗಿ, ಗೇಟಿನ ವಾಚ್‌ಮನ್‌ಗೆ ಚಪ್ಪಾಳೆ ತಟ್ಟಿ ನಮಸ್ಕಾರ ಹೇಳಿ ವಾಪಸ್ ಬಂದ್ಯಾ?"

ಮುಂದಿನ ವರ್ಷ ಮತ್ತೊಂದು ಬಿಳಿ ಪುಡಿ ಸಿಕ್ಕಿತು. ಇದು ಸೂಜಿಸೂಜಿಯಾಗಿತ್ತು. ಲುಪಿಯಾಲ್. ಅದೂ ಊರೂರಿಗೆ ಗೊತ್ತಿರುವುದೇ.

"ಇವನು ವಾಚ್‌ಮನ್ನನ ತಮ್ಮ," ಎಂದರು ಪ್ರೊಫೆಸರ್.

ಎಲ್ಲರೂ ನಕ್ಕೆವು. ಸಿದೋನಿಯೂ ನಕ್ಕಳು. ಆದರೆ ಸಂಜೆ ಸೀಸೆ ತೊಳೆಯುವಾಗ ಬ್ರಷ್ಷನ್ನು ಎಷ್ಟು ಜೋರಾಗಿ ತಿರುಗಿಸಿದಳೆಂದರೆ ಸೀಸೆಯ ತಳವೇ ಕಳಚಿ ಬಂತು.

ಮೂರನೆಯ ವರ್ಷ ಅವಳು ದೊಡ್ಡ ಕಾಲಂ ಕಟ್ಟಿದಳು. ಕಾಲಂ ಎಂದರೆ ಎದೆಮಟ್ಟದ ಗಾಜಿನ ಕೊಳವೆ. ಒಳಗೆ ಬಿಳಿ ಸಿಲಿಕಾ ತುಂಬಿ, ಮೇಲೆ ರಸವನ್ನು ಕೂರಿಸಿ, ದ್ರಾವಕ ಸುರಿಯುತ್ತ ಹೋಗಬೇಕು. ಕೆಳಗಿನ ನಲ್ಲಿಯಿಂದ ತೊಟ್ಟುತೊಟ್ಟಾಗಿ ಬೀಳುವುದನ್ನು ಸಾಲುಸಾಲು ಸೀಸೆಗಳಲ್ಲಿ ಹಿಡಿಯಬೇಕು. ಬೇರೆಬೇರೆ ವಸ್ತುಗಳು ಬೇರೆಬೇರೆ ಹೊತ್ತಿಗೆ ಇಳಿಯುತ್ತವೆ. ಸಿಲಿಕಾದ ನೆತ್ತಿಯ ಮೇಲೆ ಮಾತ್ರ ಸದಾ ದ್ರಾವಕ ನಿಂತಿರಬೇಕು. ಒಣಗಿತೋ, ಸಿಲಿಕಾ ಬಿರುಕು ಬಿಟ್ಟು, ಬೇರೆಯಾಗುತ್ತಿದ್ದದ್ದೆಲ್ಲ ಮತ್ತೆ ಕಲಸುಮೇಲೋಗರ.

ಅವತ್ತು ಹನಿಯನ್ನು ಸಣ್ಣಗೆ ಬಿಟ್ಟು ನಾವಿಬ್ಬರೂ ಊಟಕ್ಕೆ ಹೋದೆವು. ಗೇಟಿನ ಎದುರಿನ ಅಂಗಡಿಯಲ್ಲಿ ಕೆಸುವಿನಗಡ್ಡೆಯ ಮುದ್ದೆ, ಹಳದಿ ಸಾರು. ತಿಂದು ಎದ್ದು ಬರುವಷ್ಟರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿ, ಕಾವಲಿನವರು ಗೇಟು ಹಾಕಿಬಿಟ್ಟಿದ್ದರು. ಕಂಬಿಯ ಆಚೆ ಮಳೆಕೋಟು ಹಾಕಿಕೊಂಡು ನಿಂತಿದ್ದವನ ಮುಂದೆ ಸಿದೋನಿ ಗೋಗರೆದಳು.

"ಒಳಗೆ ನನ್ನ ಕಾಲಂ ಓಡ್ತಿದೆ, ಬಿಡಣ್ಣ!"

"ಓಡ್ಲಿ ಬಿಡಿ ಅಕ್ಕ. ಎಷ್ಟು ಓಡಿದ್ರೂ ಗೇಟು ದಾಟಲ್ಲ."

"ಅಯ್ಯೋ, ಅದು ಒಣಗೋಗತ್ತೆ ಕಣಣ್ಣ!"

"ಒಣಗಿದ್ರೆ ನಿಮ್ಮ ಅದೃಷ್ಟ. ಈ ಮಳೇಲಿ ನಂದೊಂದು ಪ್ಯಾಂಟೂ ಒಣಗಿಲ್ಲ."

ಅವಳು ಕಂಬಿ ಹಿಡಿದು ಅಲುಗಾಡಿಸಿದಳು. ಪ್ರೊಫೆಸರಿಗೆ ಫೋನು ಮಾಡಿದಳು, ಅವರು ಎತ್ತಲಿಲ್ಲ. ಹಿಂದಿನ ಗೋಡೆ ಹತ್ತಲು ಹೋಗಿ ಮೊಣಕೈ ಕೆರೆದುಕೊಂಡಳು. ಗೇಟು ತೆರೆದದ್ದು ಆ ವಾರದ ಕೊನೆಗೆ. ಕಾಲಮ್ಮಿನಲ್ಲಿ ಸಿಲಿಕಾ ಬೇಸಿಗೆಯ ಕೆರೆಯಂಗಳದ ಹಾಗೆ ಸೀಳುಸೀಳಾಗಿತ್ತು. ಸಿದೋನಿ ಕೊಳವೆಯನ್ನು ಬಗ್ಗಿಸಿ, ಉದ್ದದ ಚಮಚದಿಂದ ಸಿಲಿಕಾ ಕೆರೆದು, ಸ್ಪಿರಿಟ್ಟಿನಲ್ಲಿ ತೊಳೆದು, ಸಿಕ್ಕಷ್ಟನ್ನು ಉಳಿಸಿಕೊಳ್ಳಲು ನೋಡಿದಳು. ಸಿಕ್ಕಿದ್ದು ಸುಟ್ಟ ಬೆಲ್ಲದಂಥ ಒಂದಿಷ್ಟು ಅಂಟು. ಅದನ್ನು ಮೂಸಿ ನೋಡಿ ಸಿಂಕಿಗೆ ಸುರಿದಳು.

ತೊಗಟೆ ಮುಗಿದಿತ್ತು. ಮತ್ತೆ ಬಾಫೆಲೆಗೇ ಹೋಗಬೇಕು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಮಾ ಜುಲಿಯೆನ್ ಅಂಗಳದಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ಖಾಲಿ ಚೀಲಗಳನ್ನು ಕಂಡೇ ಅವಳ ಮುಖ ಬಿಗಿಯಿತು.

"ಮತ್ತೆ ತೊಗಟೆಯಾ? ಹೋದ ಸಲ ಒಯ್ದದ್ರಲ್ಲಿ ನಾನು ಅರ್ಧ ಊರಿನ ಕಾಲು ತೊಳೀತಿದ್ದೆ. ನೀನು ಏನು ತೊಳೆದೆ?"

"ಸೀಸೆ ತೊಳೆದೆ, ಮಾ."

"ಒಳಗೇನಿದೆ ಅಂತ ಗೊತ್ತಾಯ್ತಾ?"

"ಇನ್ನೂ ಇಲ್ಲ."

"ನಾನು ಹೇಳ್ತೀನಿ ಕೇಳು. ಒಳಗೆ ಮದ್ದಿದೆ." ಅವರೆಸಿಪ್ಪೆಯನ್ನು ಮೇಕೆಯ ಕಡೆ ಎಸೆದಳು. "ಎಲಿಯಾನ್, ನೀನಾದ್ರೂ ಹೇಳವ್ವ, ನಿನ್ನ ಗಿಡ ಏನಾಯ್ತು?"

ನನ್ನದು ಮುಗಿಯುತ್ತ ಬಂದಿದೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮಳೆ ಜಾಸ್ತಿ ಆಯಿತು ಈ ವರ್ಷ, ಅಂದೆ.

ಮನೆಯ ಹತ್ತಿರದ ಮರಗಳನ್ನು ಸಿದೋನಿಯ ದೊಡ್ಡಪ್ಪನ ಮಗ ಕಡಿದು ನೀಲಗಿರಿ ನೆಟ್ಟಿದ್ದ. ಹಾಗಾಗಿ ಕಣಿವೆಯ ಬುಡದವರೆಗೆ ಇಳಿಯಬೇಕಾಯಿತು. ಬೈಯುತ್ತ ಬೈಯುತ್ತಲೇ ಮಾ ಜುಲಿಯೆನ್ ನಮ್ಮ ಮುಂದೆ ನಡೆದಳು. ಮರ ಸಿಕ್ಕಿದಾಗ ಬುಡಕ್ಕೆ ಒಂದು ಚಿಟಿಕೆ ಉಪ್ಪು, ಎರಡು ಹನಿ ತಾಳೆಎಣ್ಣೆ ಹಾಕಿ, ನೆರೆಯವರೊಡನೆ ಮಾತಾಡುವ ದನಿಯಲ್ಲೇ ಮರಕ್ಕೆ ಹೇಳಿದಳು: "ಇವಳು ನನ್ನ ತಂಗಿ ಮಗಳು. ಓದೀ ಓದೀ ಮದುವೆ ಮರೆತಳು. ಯಾರ ಮಾತೂ ಕೇಳಲ್ಲ. ನೀನಾದ್ರೂ ಇವಳಿಗೆ ಏನಾದ್ರೂ ಹೇಳಿ ಕಳಿಸು."

"ಮರದ ಹತ್ರ ಚಾಡಿ ಹೇಳ್ಬೇಡ ಮಾ," ಎಂದಳು ಸಿದೋನಿ, ಕತ್ತಿ ಮಸೆಯುತ್ತ.

"ಮನುಷ್ಯರ ಹತ್ರ ಹೇಳಿ ಸಾಕಾಯ್ತು."

ಹೊಸ ತೊಗಟೆಯ ಜೊತೆಗೇ ಆ ವರ್ಷ ಹೊಸ ದ್ರಾವಕವೂ ಬಂತು. ದೊಡ್ಡ ಡ್ರಮ್ಮಿನಲ್ಲಿ ಬಂದದ್ದನ್ನು ಉಗ್ರಾಣದಲ್ಲಿ ಹಳದಿ ಪ್ಲಾಸ್ಟಿಕ್ ಕ್ಯಾನುಗಳಿಗೆ ಸುರಿದು ನಮಗೆ ಹಂಚಿದರು. ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ದ್ರಾವಕ ಬಂದದ್ದೇ ಹಬ್ಬವಾಗಿತ್ತು. ಸಿದೋನಿ ಮತ್ತೆ ಕಾಲಂ ಕಟ್ಟಿದಳು. ಈ ಸಲ ಊಟವನ್ನು ಡಬ್ಬಿಯಲ್ಲಿ ತಂದು ಅಲ್ಲೇ ತಿಂದಳು. ನಡುವಿನ ಸೀಸೆಗಳಲ್ಲಿ ಒಂದು ತಿಳಿಯಾದ ಎಣ್ಣೆ ಇಳಿಯಿತು. ಸಿಲಿಕಾ ಬಳಿದ ಪಟ್ಟಿಯ ಮೇಲೆ ಅದನ್ನು ಓಡಿಸಿ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಒಂದೇ ಒಂದು ದುಂಡು ಚುಕ್ಕೆ, ಕಡುನೇರಳೆ, ಅಕ್ಕಪಕ್ಕ ಒಂದು ಕಲೆಯಿಲ್ಲ.

"ಇದು ವಾಚ್‌ಮನ್ ಅಲ್ಲ ಕಣೇ," ಎಂದಳು.

ಪ್ರೊಫೆಸರ್ ಆಗ ಜರ್ಮನಿಗೆ ಹೊರಟಿದ್ದರು. ವಸ್ತುವಿನ ಒಳಕಟ್ಟು ಹೇಳುವ ಎನ್‌ಎಂಆರ್ ಯಂತ್ರ ನಮ್ಮಲ್ಲಿಲ್ಲ, ಅಲ್ಲಿದೆ. ಪುಟ್ಟ ಸೀಸೆಯನ್ನು ಹತ್ತಿಯಲ್ಲಿ ಸುತ್ತಿ ಅವರ ಕೋಟಿನ ಜೇಬಿಗೆ ಹಾಕಿದಳು. ತಿಂಗಳುಗಳು ಕಳೆದವು. ಒಂದು ದಿನ ಅಲ್ಲಿಯ ಯಂತ್ರ ನೋಡಿಕೊಳ್ಳುವ ಯಾರೋ ನಕ್ಷೆಯನ್ನು ನೇರ ಅವಳ ಫೋನಿಗೆ ಕಳಿಸಿದರು. ಪ್ರೊಫೆಸರ್ ಬೇರೆ ಊರಿನಲ್ಲಿ ಭಾಷಣಕ್ಕೆ ಹೋಗಿದ್ದರು. ಅವಳು ಪಾಠವನ್ನು ಅರ್ಧಕ್ಕೇ ಬಿಟ್ಟು ಬಾಡಿಗೆ ಬೈಕು ಹತ್ತಿ ಬಂದುಬಿಟ್ಟಳು.

ಇಬ್ಬರೂ ಸಂಜೆಯವರೆಗೆ ಕರಿಹಲಗೆಯ ಮೇಲೆ ಬರೆದೆವು, ಅಳಿಸಿದೆವು. ಬೆಂಜೀನಿನ ಒಂದು ಉಂಗುರ, ಅದಕ್ಕೆ ಎರಡು ಉದ್ದ ಬಾಲ. ಬಾಲಗಳ ಜೋಡಣೆ ನಮಗೆ ತಿಳಿದ ಯಾವುದಕ್ಕೂ ಹೊಂದಲಿಲ್ಲ. ಹೊಂದದ್ದನ್ನು ನಾವು ಹೊಸತು ಎಂದು ಓದಿಕೊಂಡೆವು. ಸಿದೋನಿಯ ಮೂಗಿನ ಮೇಲೆಲ್ಲ ಸುಣ್ಣ. "ಇದಕ್ಕೆ ಬಾಫೆಲೆಯ ಹೆಸರೇ ಇಡ್ತೀನಿ," ಎಂದು ನನ್ನನ್ನು ಹಿಡಿದು ಕುಣಿಸಿದಳು. ಅಲ್ಲೇ ನಿಂತು ದೊಡ್ಡಮ್ಮನಿಗೆ ಫೋನು ಮಾಡಿದಳು.

ಮಾ ಜುಲಿಯೆನ್ ಸುಮ್ಮನಿರುವವಳಲ್ಲ. ಭಾನುವಾರ ಹೆಂಗಸರ ಸಂಘದಲ್ಲಿ ಎದ್ದು ನಿಂತು, ತನ್ನ ಮಗಳು ತೊಗಟೆಯೊಳಗಿನ ಮದ್ದನ್ನು ಕಣ್ಣಾರೆ ಕಂಡಳು, ಅದರ ಚಿತ್ರ ಬಿಳಿಯರ ದೇಶದಿಂದ ಬಂದಿದೆ ಎಂದು ಸಾರಿದಳು. ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಕೊಕಿ ಕಡುಬನ್ನು ಬುಟ್ಟಿ ತುಂಬ ಹಂಚಿದಳು.

ಪ್ರೊಫೆಸರ್ ಮರಳಿ ಬಂದರು. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ, ಒಂದು ನಿಮಿಷವೂ ನೋಡಲಿಲ್ಲ. ಈ ಸಲ ತಮಾಷೆ ಮಾಡಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು.

"ದ್ರಾವಕ ಯಾವುದರಲ್ಲಿ ಇಟ್ಟಿದ್ದೆ, ಮಗಳೇ?"

"ಉಗ್ರಾಣದವರು ಕೊಟ್ಟ ಕ್ಯಾನಲ್ಲಿ."

"ಹೂಂ. ಇದು ತೊಗಟೇದಲ್ಲ. ಕ್ಯಾನಿಂದು. ಪ್ಲಾಸ್ಟಿಕ್ ಮೆತ್ತಗಾಗ್ಲಿ ಅಂತ ಬೆರೆಸ್ತಾರಲ್ಲ, ಆ ಎಣ್ಣೆ. ದ್ರಾವಕ ಅದನ್ನ ನೆಕ್ಕಿ ತಂದಿದೆ. ನನಗೂ ಒಂದ್ಸಲ ಹೀಗೇ ಆಗಿತ್ತು."

ಸಿದೋನಿ ನಕ್ಷೆಯನ್ನು ಮಡಚಿದಳು. ಹೊರಗೆ ಹೋದಳು. ಮೆಟ್ಟಿಲ ಬಳಿ ಇದ್ದ ಹಳದಿ ಕ್ಯಾನನ್ನು ಕಾಲೆತ್ತಿ ಒದ್ದ ಸದ್ದು ಕೇಳಿತು. ಅದು ಮೂರು ಅಂತಸ್ತು ಉರುಳುತ್ತ ಹೋಗುವುದೂ ಕೇಳಿತು. ಪ್ರೊಫೆಸರ್ ನನ್ನ ಮುಖ ನೋಡಿದರು. "ಹೋಗು ಎಲಿಯಾನ್. ಅವಳ ಹಿಂದೆ ಹೋಗು. ಏನೂ ಹೇಳ್ಬೇಡ, ಸುಮ್ನೆ ಹೋಗು."

ಆ ಸಿಟ್ಟಿನಲ್ಲೇ ಅವಳು ಊರಿಗೆ ಫೋನು ಮಾಡಿ, "ಸಿಕ್ಕಿದ್ದು ಮದ್ದಲ್ಲ ಮಾ, ಪ್ಲಾಸ್ಟಿಕ್," ಎಂದು ಹೇಳಿ ಇಟ್ಟುಬಿಟ್ಟಳು. ಬಿಡಿಸಿ ಹೇಳಲಿಲ್ಲ. ಮಾ ಜುಲಿಯೆನ್‌ಗೆ ಕಿವಿ ಮಂದ, ಅವಳ ಫೋನು ಯಾವಾಗಲೂ ಸ್ಪೀಕರಿನಲ್ಲಿ. ಅಂಗಳದಲ್ಲಿ ಕಾಲು ತೊಳೆಸಿಕೊಳ್ಳಲು ಬಂದವರು ಕೂತಿದ್ದರು. ಸಂತೆಯ ದಿನ ಬರುವಷ್ಟರಲ್ಲಿ ಮಾತು ಇಡೀ ಬಾಫೆಲೆ ಸುತ್ತಿತ್ತು. "ಮಾ ಜುಲಿಯೆನ್, ಇವತ್ತಿನ ಮದ್ದಲ್ಲಿ ಬಕೆಟ್ಟು ಜಾಸ್ತಿಯೋ ಚಪ್ಪಲಿ ಜಾಸ್ತಿಯೋ?" ಎಂದು ಗಂಡಸರು ಹೆಂಡದಂಗಡಿಯಿಂದ ಕೂಗಿದರು. ಹುಣ್ಣು ಅರ್ಧ ಮಾಯ್ದಿದ್ದ ಒಬ್ಬ ಮುದುಕ ಬರುವುದನ್ನೇ ನಿಲ್ಲಿಸಿದ.

ಸಿದೋನಿಗೆ ಕರೆ ಬಂತು. ಅವಳು ಭಾನುವಾರದ ಸಂಘದಲ್ಲಿ ಎಲ್ಲರೆದುರು ನಿಲ್ಲಬೇಕಾಯಿತು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

"ತೊಗಟೆಯಲ್ಲಿ ಪ್ಲಾಸ್ಟಿಕ್ ಇಲ್ಲ," ಎಂದು ಶುರುಮಾಡಿದಳು. "ತಪ್ಪು ನಮ್ಮ ಕ್ಯಾನಿಂದು. ಈಗ ನೋಡಿ, ಸೀಮೆಎಣ್ಣೆ ಡಬ್ಬಕ್ಕೆ ತಾಳೆಎಣ್ಣೆ ತುಂಬಿದ್ರೆ ಸಾರು ಸೀಮೆಎಣ್ಣೆ ನಾರಲ್ವಾ? ಹಾಗೆ."

ಮುಂದಿನ ಸಾಲಿನಲ್ಲಿದ್ದ ಮಾ ಒದೆತ್ ಧಡಕ್ಕನೆ ಎದ್ದಳು. ಊರಿಗೆಲ್ಲ ತಾಳೆಎಣ್ಣೆ ಮಾರುವವಳು ಅವಳೇ.

"ಯಾರ ಎಣ್ಣೆ ನಾರತ್ತೆ?"

"ನಿಮ್ಮದಲ್ಲ ಮಾ ಒದೆತ್, ಮಾತಿಗೆ ಹೇಳ್ದೆ—"

"ಮಾತಿಗೆ ನನ್ನೆಣ್ಣೆನೇ ಸಿಕ್ತಾ? ಮೊನ್ನೆ ಇವಳ ದೊಡ್ಡಮ್ಮನ ಮದ್ದು ಹೋಯ್ತು, ಇವತ್ತು ನನ್ನ ಎಣ್ಣೆ. ನಾಳೆ ಯಾರ ಮನೆ ಒಲೆಗೆ ನೀರು ಹಾಕ್ತೀಯ?"

ಗಲಾಟೆ ತಣಿಯಲು ಬಹಳ ಹೊತ್ತು ಹಿಡಿಯಿತು. ಒದೆತ್‌ಳ ಎಣ್ಣೆ ಶುದ್ಧ ಎಂದು ಸಿದೋನಿ ಎಲ್ಲರೆದುರು ಹೇಳಬೇಕಾಯಿತು, ಒಂದು ಸಲ ಅಲ್ಲ. ಎಲ್ಲ ಮುಗಿದ ಮೇಲೆ ಮಾ ಜುಲಿಯೆನ್ ಕೂತಲ್ಲಿಂದಲೇ ಕೇಳಿದಳು.

"ಸರಿ. ಪ್ಲಾಸ್ಟಿಕ್ ಅಲ್ಲ. ಹಾಗಾದ್ರೆ ಒಳಗಿರೋದೇನು?"

"ಗೊತ್ತಿಲ್ಲ, ಮಾ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಗೆ ಹಣೆ ಒತ್ತಿ ಹೇಳಿದಳು: "ಮಕ್ಕಳಿಗೆ ಪಾಠ ಹೇಳ್ಕೊಂಡು ಇದ್ದಿದ್ರೆ ಏನಾಗ್ತಿತ್ತು ಎಲಿಯಾನ್? ಸಂಬಳ ಬರ್ತಿತ್ತು. ನಿದ್ದೆ ಬರ್ತಿತ್ತು."

ಆದರೂ ಮತ್ತೆ ಶುರುಮಾಡಿದಳು. ಈ ಸಲ ದ್ರಾವಕವನ್ನು ತಾನೇ ಕಾಯಿಸಿ, ಭಟ್ಟಿ ಇಳಿಸಿ, ಗಾಜಿನ ಬಾಟಲಿಗಳಲ್ಲೇ ತುಂಬಿದಳು. ನಲ್ಲಿಯಲ್ಲಿ ನೀರು ನಿಂತಾಗ ಕೆಳಗಿನ ಬಾವಿಯಿಂದ ಹೊತ್ತು ತಂದು ಭಟ್ಟಿಯ ಕೊಳವೆಯನ್ನು ತಂಪಾಗಿಟ್ಟಳು. ಒಂದೊಂದೇ ವಸ್ತು ಬಿಡಿಸಿದಳು. ಪ್ರತಿಯೊಂದೂ ಶುದ್ಧ, ಪ್ರತಿಯೊಂದಕ್ಕೂ ಹೆಸರು ಸಿಕ್ಕಿತು. ಪ್ರತಿಯೊಂದನ್ನೂ ಜಗತ್ತಿನ ಯಾರೋ ಎಲ್ಲೋ ಬೇರೆ ಗಿಡದಲ್ಲಿ ಆಗಲೇ ಕಂಡಿದ್ದರು. ಅದನ್ನಾದರೂ ಅವಳು ಸಹಿಸುತ್ತಿದ್ದಳೇನೋ. ಆದರೆ ರೋಗಾಣುಗಳ ತಟ್ಟೆಗೆ ಒಂದೊಂದಾಗಿ ಹನಿಸಿದರೆ ಯಾವುದರ ಸುತ್ತಲೂ ಉಂಗುರ ಮೂಡಲಿಲ್ಲ. ಒರಟು ರಸಕ್ಕೆ ಮೂಡುತ್ತಿತ್ತು. ಬಿಡಿಸಿದ್ದೇ ತಡ, ಗುಣ ಎಲ್ಲೋ ಸೋರಿಹೋಗುತ್ತಿತ್ತು.

"ಬರೆದು ಮುಗಿಸು," ಎಂದರು ಪ್ರೊಫೆಸರ್. "ಪ್ರಬಂಧಕ್ಕೆ ಇಷ್ಟು ಸಾಕು."

"ನನಗೆ ಸಾಕಾಗಿಲ್ಲ."

"ನಿನಗೆ ಸಾಕಾಗೋಷ್ಟರಲ್ಲಿ ನಾನು ನಿವೃತ್ತನಾಗ್ತೀನಿ ಸಿದೋನಿ. ನನ್ನ ಮೇಲೆ ಕರುಣೆ ಇಟ್ಟು ಬರಿ."

ಬಹಳ ದಿನ ಹಟ ಮಾಡಿ ಕೊನೆಗೆ ಬರೆದಳು. ಪ್ರಬಂಧ ಮಂಡಿಸುವ ದಿನ ಬಾಫೆಲೆಯ ಹೆಂಗಸರೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿದ ನಿಲುವಂಗಿ ತೊಟ್ಟು ಎರಡು ಸಾಲು ತುಂಬಿ ಕೂತಿದ್ದರು. ಮಾ ಒದೆತ್ ಕೂಡ ಬಂದಿದ್ದಳು. ಸಿದೋನಿ ನಿಂತು ಒಂದೊಂದೇ ವಸ್ತುವನ್ನು ವಿವರಿಸಿದಳು. ರಾಜಧಾನಿ ಯಾವುಂದೆಯಿಂದ ಬಂದಿದ್ದ ಪರೀಕ್ಷಕರು, ತೆಳ್ಳಗಿನ ವಯಸ್ಸಾದ ಮನುಷ್ಯ, ಕೊನೆಯಲ್ಲಿ ಕೇಳಿದರು.

"ಮದಾಮ್, ಕೆಲಸ ಅಚ್ಚುಕಟ್ಟಾಗಿದೆ. ಹುಣ್ಣು ಮಾಯಿಸೋದು ಇವುಗಳಲ್ಲಿ ಯಾವುದು?"

"ಯಾವುದೂ ಅಲ್ಲ."

"ಮತ್ತೆ?"

"ಹಸಿ ತೊಗಟೆ ರಸದಲ್ಲಿ ಒಂದು ಹಳದಿ ಚುಕ್ಕೆ ಕಾಣತ್ತೆ. ಪಟ್ಟಿ ಮೇಲೆ ಇರತ್ತೆ. ಕಾಲಮ್ಮಿಗೆ ಹಾಕಿದ್ರೆ ಹೊರಗೆ ಬರೋಷ್ಟರಲ್ಲಿ ಇರಲ್ಲ. ಬೆಳಕಿಗೋ ಸಿಲಿಕಾಗೋ ಸೆಖೆಗೋ ಒಡೆದುಹೋಗತ್ತೆ. ಅದೇ ಇರ್ಬಹುದು ಅಂತ ನನ್ನ ಅನುಮಾನ. ಹಿಡಿಯೋಕೆ ಆಗ್ಲಿಲ್ಲ."

"ಪ್ರಬಂಧದಲ್ಲಿ ಇದನ್ನ ಯಾಕೆ ಬರೆದಿಲ್ಲ?"

"ಕೈಗೆ ಸಿಗದೇ ಇರೋದನ್ನ ಏನಂತ ಬರೀಲಿ ಸರ್?"

ಪರೀಕ್ಷಕರು ತಲೆಯಾಡಿಸಿದರು. ಒಳಗೆ ಹೋಗಿ ಬಂದು, ಎಲ್ಲರೂ ಎದ್ದು ನಿಂತಾಗ, ಅವಳನ್ನು ಡಾಕ್ಟರ್ ಎಂದು ಕರೆದರು. ಬಾಫೆಲೆಯ ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿ ಸೂರು ಹಾರಿಸಿದರು. ಸಿದೋನಿ ಎಲ್ಲರ ಕೈಕುಲುಕಿದಳು, ಫೋಟೋಗೆ ನಿಂತಳು. ನಗು ಮುಖದ ಮೇಲೆ ನಿಲ್ಲಲಿಲ್ಲ.

ಹೊರಗೆ ಡೇರೆಯ ಕೆಳಗೆ ಬಾಳೆಕಾಯಿ, ಮೇಕೆ ಮಾಂಸದ ಊಟ. ಮಾ ಜುಲಿಯೆನ್ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದು ಕೂತಳು.

"ಅಷ್ಟು ಹೊತ್ತು ನಿಂತು ಮಾತಾಡಿ, ಕೊನೆಗೆ ಸಿಗಲಿಲ್ಲ ಅಂದೆ."

"ಅಂದೆ."

"ಸುಳ್ಳು ಹೇಳ್ಬಹುದಿತ್ತಲ್ಲೇ. ನಮ್ಮಲ್ಲಿ ಯಾರಿಗೆ ಗೊತ್ತಾಗ್ತಿತ್ತು?"

"ಆ ತೆಳ್ಳಗಿನ ಮುದುಕನಿಗೆ ಗೊತ್ತಾಗ್ತಿತ್ತು ಮಾ." ಸಿದೋನಿಯ ಕಣ್ಣು ತುಂಬಿತು; ದುಃಖಕ್ಕಿಂತ ರೋಷಕ್ಕೆ. "ಇಷ್ಟು ವರ್ಷ! ಇಷ್ಟು ವರ್ಷ ಆ ದರಿದ್ರ ಮರ ನನ್ನ ಹತ್ರ ಒಂದು ಮಾತು ಆಡ್ಲಿಲ್ಲ."

"ಮರಾನ ಬೈಬೇಡ," ಎಂದಳು ದೊಡ್ಡಮ್ಮ. ತನ್ನ ತಟ್ಟೆಯಲ್ಲಿದ್ದ ಒಳ್ಳೆಯ ತುಂಡನ್ನು ಎತ್ತಿ ಅವಳ ತಟ್ಟೆಗೆ ಹಾಕಿದಳು. "ತಿನ್ನು. ಬೈಯೋದಕ್ಕೂ ಬಲ ಬೇಕು."

ಈಗ ನಾನು ಬಾಫುಸಾಮ್ ಪಟ್ಟಣದ ಒಂದು ಔಷಧದಂಗಡಿಯಲ್ಲಿದ್ದೇನೆ. ಸಿದೋನಿ ಅದೇ ಲಿಸೆಯಲ್ಲಿ ಪಾಠ ಹೇಳುತ್ತಾಳೆ. ಪ್ರೊಫೆಸರ್ ನಿವೃತ್ತರಾಗುವ ಮೊದಲು ಪ್ರಯೋಗಾಲಯದಲ್ಲಿ ಅವಳಿಗೊಂದು ಮೂಲೆ ಕೊಡಿಸಿ ಹೋದರು. ಪಾಠವಿಲ್ಲದ ದಿನ ಬೆಳಗ್ಗೆಯೇ ಹೋಗಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಗಾಜಿನ ಕೊಳವೆಯ ಸುತ್ತ ಐಸು ತುಂಬಿ ಕೂರುತ್ತಾಳೆ. ಐಸು ಸಂತೆಯ ಮೀನಿನವಳಿಂದ ಬರುತ್ತದೆ. ಹಾಗಾಗಿ ಆ ಮೂಲೆಯೆಲ್ಲ ಬಂಗಡೆಯ ವಾಸನೆ.

ಹೋದ ಗುರುವಾರ ಆ ಕಡೆ ಹೋದವಳು ಅವಳನ್ನು ನೋಡಲು ಪ್ರಯೋಗಾಲಯಕ್ಕೆ ಹೋದೆ. ಒದ್ದೆ ಬಟ್ಟೆ ಹಿಂಡುತ್ತಿದ್ದಳು. ನೆಲವೆಲ್ಲ ನೀರು.

"ಆ ಹಳದಿ ಬಂತಾ?"

"ಬಂತು. ಸೀಸೆಗೇ ಇಳೀತು. ಹಳದಿ, ಇಷ್ಟೇ ಇಷ್ಟು. ಕಣ್ಣಾರೆ ನೋಡ್ದೆ ಎಲಿಯಾನ್."

"ಆಮೇಲೆ?"

"ಕರೆಂಟು ಹೋಯ್ತು. ಫ್ರಿಜ್ಜು ನಿಂತ್ಹೋಯ್ತು. ಐಸು ಕರಗ್ತು." ಸೀಸೆಯನ್ನು ನನ್ನ ಕಡೆ ನೂಕಿದಳು. ತಳದಲ್ಲಿ ಚಹಾದ ಗಸಿಯಂಥದ್ದು ಕಂದಾಗಿ ಅಂಟಿಕೊಂಡಿತ್ತು. "ಮೀನಿನವಳಿಗೆ ಶನಿವಾರಕ್ಕೆ ಇನ್ನೊಂದು ಚೀಲ ಐಸು ಹೇಳಿದೀನಿ. ಕೊಡ್ತಾಳೋ ಇಲ್ವೋ, ಅವಳ ಮನೇಲಿ ಏನೋ ಮದುವೆ ಇದೆಯಂತೆ."